ಬೆಂಗಳೂರಿನ ಕಂಪ್ಯೂಟರ್ ವಿಜಯವಾಡದಲ್ಲಿ ಯಾಕೆ ನಿಧಾನ? ಹೀಟ್‌ಸಿಂಕ್, ಫ್ಯಾನ್ ಮತ್ತು ಊರಿನ ಗಾಳಿ



ನಮ್ಮ ಉತ್ತರ ಕರ್ನಾಟಕದ ಕಡೆ ರೋಹಿಣಿ ಮಳೆ ಆದ್ರೆ ಓಣಿ ತುಂಬ ಜೋಳ ಅಂತಾರೆ. ಅದೇ ರೋಹಿಣಿ ನಕ್ಷತ್ರಕ್ಕೆ ಆಂಧ್ರದಲ್ಲಿ ಬೇರೆ ಮಾತಿದೆ. ರೋಹಿಣಿ ಕಾರ್ತೆಯ ಬಿಸಿಲಿಗೆ ಒರಳುಕಲ್ಲು ಬಿರಿಯುತ್ತೆ ಅಂತಾರೆ ಇಲ್ಲಿಯವರು. ನಕ್ಷತ್ರ ಒಂದೇ, ಮೇ ಕೊನೆಯ ವಾರದಿಂದ ಶುರುವಾಗುವ ದಿನಗಳೂ ಅವೇ. ನಮಗದು ಬಿತ್ತನೆಯ ನೆನಪು, ಇವರಿಗೆ ಬೆಂಕಿ. ಕೆಲಸಕ್ಕಾಗಿ ಬೆಂಗಳೂರು ಬಿಟ್ಟು ವಿಶಾಖಪಟ್ಟಣಕ್ಕೋ ವಿಜಯವಾಡಕ್ಕೋ ಬಂದ ನಾವೆಲ್ಲ ಈ ವ್ಯತ್ಯಾಸವನ್ನು ಮೊದಲ ಬೇಸಿಗೆಯಲ್ಲೇ ಕಲಿತೆವು. ನಾವು ಕಲಿತೆವು, ಸರಿ. ನಮ್ಮ ಜೊತೆ ಲಾರಿಯಲ್ಲಿ ಬಂದ ಕಂಪ್ಯೂಟರ್‌ಗೆ ಯಾರು ಹೇಳಬೇಕು?

ಇವತ್ತಿನ ಮಾತು ಅದರ ಬಗ್ಗೆ. ನಾನು ಸಾಫ್ಟ್‌ವೇರ್ ಇಂಜಿನಿಯರ್. ಎಂಟೆಕ್ ಓದುವಾಗ ಬೋರ್ಡ್‌ಗಳ ಬಿಸಿಯನ್ನು ಅಳೆಯುವ ಕೆಲಸ ಸ್ವಲ್ಪ ಮಾಡಿದ್ದೆ, ಆ ಹುಚ್ಚು ಇನ್ನೂ ಬಿಟ್ಟಿಲ್ಲ. ಈಗ ವಿಶಾಖಪಟ್ಟಣದ ಎಂವಿಪಿ ಕಾಲನಿಯಲ್ಲಿದ್ದೇನೆ, ಸಮುದ್ರ ನಡೆದು ಹೋಗುವಷ್ಟು ಹತ್ತಿರ.

ಒಂದು ವಿಷಯ ಮೊದಲೇ ಹೇಳಿಬಿಡ್ತೀನಿ, ಉಳಿದದ್ದೆಲ್ಲ ಅದರ ವಿವರಣೆ. ಹೀಟ್‌ಸಿಂಕ್ ಬಿಸಿಯನ್ನು ಇಲ್ಲವಾಗಿಸೋದಿಲ್ಲ. ಫ್ಯಾನ್ ಕೂಡ ಇಲ್ಲವಾಗಿಸೋದಿಲ್ಲ. ಎರಡೂ ಸೇರಿ ಬಿಸಿಯನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ಸಾಗಿಸುತ್ತವೆ, ಅಷ್ಟೇ. ಆ ಸಾಗಾಟದ ಕೊನೇ ನಿಲ್ದಾಣ ನಿಮ್ಮ ಕೋಣೆಯ ಗಾಳಿ. ಆ ಗಾಳಿ ಹೇಗಿದೆ ಅನ್ನೋದರ ಮೇಲೆ ಎಲ್ಲವೂ ನಿಂತಿದೆ.

ದಾರಿಯನ್ನು ಒಂದೊಂದೇ ಮೆಟ್ಟಿಲಾಗಿ ನೋಡೋಣ. ಪ್ರೊಸೆಸರ್ ಚಿಪ್ ಉಗುರಿನಷ್ಟು ಜಾಗ. ಭಾರೀ ಕೆಲಸ ಕೊಟ್ಟಾಗ ಅಲ್ಲಿ 100 ವ್ಯಾಟ್ ಬಿಸಿ ಹುಟ್ಟುತ್ತೆ. ಕಂಪ್ಯೂಟರ್ ತಿನ್ನುವ ವಿದ್ಯುತ್ತೆಲ್ಲ ಕೊನೆಗೆ ಬಿಸಿಯೇ ಆಗುತ್ತೆ ಅನ್ನೋದನ್ನು ನೆನಪಿಡಿ. ಆ ಚಿಪ್ ಮೇಲೆ ಲೋಹದ ಮುಚ್ಚಳ, ಅದರ ಮೇಲೆ ಥರ್ಮಲ್ ಪೇಸ್ಟ್, ಅದರ ಮೇಲೆ ಹೀಟ್‌ಸಿಂಕ್‌ನ ತಳ. ಎರಡು ಲೋಹಗಳು ನೋಡೋಕೆ ನುಣುಪಾಗಿದ್ದರೂ ಅಂಟಿಕೊಂಡಾಗ ಮಧ್ಯೆ ಸಣ್ಣ ಸಣ್ಣ ಗಾಳಿ ಗುಳಿಗಳು ಉಳಿಯುತ್ತವೆ. ಬಿಸಿಯನ್ನು ಸಾಗಿಸೋದರಲ್ಲಿ ತಾಮ್ರದ ಶಕ್ತಿ ಸುಮಾರು 400 ಅಂದ್ರೆ ಅಲ್ಯೂಮಿನಿಯಂನದು 200ರ ಆಸುಪಾಸು, ನಿಂತ ಗಾಳಿಯದು 0.026. ಅಂದ್ರೆ ಗಾಳಿ ಒಂದು ಕಂಬಳಿ ಇದ್ದ ಹಾಗೆ. ಆ ಗುಳಿಗಳಿಂದ ಗಾಳಿಯನ್ನು ಓಡಿಸೋದೇ ಪೇಸ್ಟ್‌ನ ಕೆಲಸ. ತೆಳ್ಳಗೆ ಹಚ್ಚಬೇಕು, ರೊಟ್ಟಿಗೆ ಬೆಣ್ಣೆ ಹಾಕಿದ ಹಾಗಲ್ಲ.

ಆಮೇಲೆ ಹೀಟ್‌ಪೈಪ್. ಹೊರಗಿನಿಂದ ಬರೀ ತಾಮ್ರದ ಸರಳು ಅನ್ನಿಸುತ್ತೆ, ಆದರೆ ಒಳಗೆ ಟೊಳ್ಳು. ಗಾಳಿ ತೆಗೆದು, ಕೆಲವೇ ಹನಿ ನೀರು ಹಾಕಿ ಮುಚ್ಚಿರುತ್ತಾರೆ. ಒತ್ತಡ ತುಂಬ ಕಡಿಮೆ ಇರೋದರಿಂದ ನೀರು 100 ಡಿಗ್ರಿಗೆ ಕಾಯಬೇಕಾಗಿಲ್ಲ, ಮೊದಲೇ ಆವಿಯಾಗುತ್ತೆ. ಆವಿ ತಣ್ಣಗಿರುವ ತುದಿಗೆ ಓಡುತ್ತೆ, ಅಲ್ಲಿ ಬಿಸಿ ಬಿಟ್ಟು ಮತ್ತೆ ನೀರಾಗುತ್ತೆ, ಒಳಗೋಡೆಯ ಬತ್ತಿಯಂಥ ಪದರದ ಮೂಲಕ ವಾಪಸ್ ಬರುತ್ತೆ. ಮೋಟಾರ್ ಇಲ್ಲ, ಸದ್ದಿಲ್ಲ. ನಿಮ್ಮ ಲ್ಯಾಪ್‌ಟಾಪ್‌ನಲ್ಲೂ ಇದೇ ಇದೆ.

ಕೊನೇ ಮೆಟ್ಟಿಲು ರೆಕ್ಕೆಗಳು, ಅಂದ್ರೆ ಫಿನ್‌ಗಳು. ಚಹಾ ಬಿಸಿ ಇದ್ದಾಗ ನಮ್ಮ ಹಿರಿಯರು ಬಸಿಗೆ ಸುರಿದು ಕುಡೀತಿದ್ದರಲ್ಲ, ಅದೇ ಲೆಕ್ಕ. ಚಹಾ ಅಷ್ಟೇ ಇದೆ, ಗಾಳಿಗೆ ತಾಗುವ ಮೈ ದೊಡ್ಡದಾಯ್ತು. ಫಿನ್ ಕೂಡ ಅಷ್ಟೇ. ಹಾಗಾದ್ರೆ ಫಿನ್‌ಗಳನ್ನು ಒತ್ತೊತ್ತಾಗಿ ಇಟ್ಟರೆ ಒಳ್ಳೇದಲ್ವಾ ಅಂತ ಕೇಳಬಹುದು. ಒಂದು ಮಿತಿವರೆಗೆ ಹೌದು. ಅದು ದಾಟಿದ ಮೇಲೆ ಗಾಳಿಗೆ ನುಗ್ಗೋಕೆ ಜಾಗ ಇರೋದಿಲ್ಲ. ಫ್ಯಾನ್ ಇಲ್ಲದೆ ತಾನಾಗಿ ತಣ್ಣಗಾಗಬೇಕಾದ ಹೀಟ್‌ಸಿಂಕ್‌ನಲ್ಲಿ ಫಿನ್‌ಗಳು ದೂರ ದೂರ ಇರುತ್ತವೆ. ನಿಮ್ಮ ಮನೆಯ ವೈಫೈ ರೂಟರ್ ಅಥವಾ ಇನ್ವರ್ಟರ್ ಹಿಂದೆ ನೋಡಿ. ಫ್ಯಾನ್ ಇರುವ ಕಡೆ ಹತ್ತಿರ ಹತ್ತಿರ ಇಡಬಹುದು, ಯಾಕಂದ್ರೆ ಗಾಳಿಯನ್ನು ತಳ್ಳೋರು ಇದ್ದಾರೆ. ಆದರೆ ಒತ್ತೊತ್ತಾದ ಫಿನ್‌ಗಳ ಮಧ್ಯೆ ಮೊದಲು ಸಿಕ್ಕಿಹಾಕಿಕೊಳ್ಳೋದು ಧೂಳು. ನಮ್ಮ ಊರುಗಳಲ್ಲಿ ಅದನ್ನೂ ಲೆಕ್ಕಕ್ಕೆ ತಗೋಬೇಕು.

ಈಗ ಸಂಖ್ಯೆ. ಹೆದರಬೇಡಿ, ಬರೀ ಕೂಡೋ ಲೆಕ್ಕ. ಕೋಣೆಯ ಗಾಳಿ, ಅದಕ್ಕೆ ಕ್ಯಾಬಿನೆಟ್ ಒಳಗೆ ಏರುವ ಬಿಸಿ, ಅದಕ್ಕೆ ಹೀಟ್‌ಸಿಂಕ್ ಏರಿಕೆ. ಈ ಮೂರನ್ನು ಕೂಡಿದ್ರೆ ಚಿಪ್‌ನ ತಾಪ. ಒಂದು ಸಾಧಾರಣ ಕೂಲರ್ ಪ್ರತಿ ವ್ಯಾಟ್‌ಗೆ 0.35 ಡಿಗ್ರಿ ಏರಿಸುತ್ತೆ ಅಂತಿಟ್ಟುಕೊಳ್ಳಿ. 100 ವ್ಯಾಟ್‌ಗೆ 35 ಡಿಗ್ರಿ. ಬೆಂಗಳೂರಿನ ಕೋಣೆ 27, ಕ್ಯಾಬಿನೆಟ್ 10, ಹೀಟ್‌ಸಿಂಕ್ 35, ಒಟ್ಟು 72. ಆರಾಮ. ಅದೇ ಯಂತ್ರ, ವಿಜಯವಾಡದ ಮೇ ತಿಂಗಳು, ಎಸಿ ಇಲ್ಲದ ಕೋಣೆ 38. ಒಟ್ಟು 83. ಇನ್ನೂ ಪರವಾಗಿಲ್ಲ. ಆದರೆ ಧೂಳು ಕಟ್ಟಿ ಕ್ಯಾಬಿನೆಟ್ ಏರಿಕೆ 20 ಆದ್ರೆ 93. ಈಗಿನ ಪ್ರೊಸೆಸರ್‌ಗಳು 95ರಿಂದ 100 ಡಿಗ್ರಿ ಮುಟ್ಟಿದಾಗ ತಾವಾಗಿಯೇ ವೇಗ ಇಳಿಸಿಕೊಳ್ಳುತ್ತವೆ. ಬೆಂಗಳೂರಿನಲ್ಲಿ ಅದೇ ಧೂಳಿನ ಯಂತ್ರ 82ರಲ್ಲಿ ಇರ್ತಿತ್ತು, ಯಾರಿಗೂ ಗೊತ್ತೇ ಆಗ್ತಿರಲಿಲ್ಲ. ಧೂಳು ಅಲ್ಲಿಂದಲೇ ಬಂದಿತ್ತು, ಬಣ್ಣ ಬಯಲಾಗಿದ್ದು ಇಲ್ಲಿ.

ಈ ವೇಗ ಇಳಿಸಿಕೊಳ್ಳೋದು ಇದೆಯಲ್ಲ, ಇದು ಸದ್ದಿಲ್ಲದೆ ನಡೆಯುತ್ತೆ. ಪರದೆ ನೀಲಿ ಆಗೋದಿಲ್ಲ, ಯಂತ್ರ ಬೀಳೋದಿಲ್ಲ, ಎಚ್ಚರಿಕೆಯೂ ಬರೋದಿಲ್ಲ. ಕೆಲಸ ನಿಧಾನ ಆಗುತ್ತೆ, ಅಷ್ಟೇ. ಅದರ ಬೆಲೆ ಏನು ಅಂತ ನನಗೆ ಅರ್ಥ ಆಗಿದ್ದು ವಿಜಯವಾಡದ ನನ್ನ ಸ್ನೇಹಿತನಿಂದ.

ಅವನು ದಾವಣಗೆರೆಯವನು. ಹೆಂಡತಿಗೆ ವಿಜಯವಾಡದಲ್ಲಿ ಕೆಲಸ ಆಯ್ತು ಅಂತ ಬೆಂಗಳೂರಿನ ಮನೆ ಖಾಲಿ ಮಾಡಿ ಗುಣದಲ ಕಡೆ ಮೇಲಿನ ಮಹಡಿಯಲ್ಲಿ ಬಾಡಿಗೆ ಹಿಡಿದ. ಹೊರದೇಶದ ಗಿರಾಕಿಗೆ ಡೇಟಾ ಸಂಸ್ಕರಣೆಯ ಗುತ್ತಿಗೆ ಕೆಲಸ, ಮನೆಯಿಂದಲೇ, ತನ್ನದೇ ಡೆಸ್ಕ್‌ಟಾಪ್‌ನಲ್ಲಿ. ಬೆಂಗಳೂರಿನಲ್ಲಿ ಆರೂವರೆ ಗಂಟೆ ಹಿಡಿಯುತ್ತಿದ್ದ ಕೆಲಸ ಏಪ್ರಿಲ್ ಕೊನೆಗೆ ಒಂಬತ್ತೂವರೆ ಗಂಟೆ ಆಯ್ತು. ಎರಡು ಸಲ ತಡವಾಗಿ ಕಳಿಸಿದ. ಮೂರನೇ ಸಲ ಆದ್ರೆ ಗುತ್ತಿಗೆ ಮುಂದುವರಿಸೋದಿಲ್ಲ ಅಂತ ಅವರು ಬರೆದರು. ಅವರಿಗೆ ಕಾಣೋದು ಗಡಿಯಾರ ಮಾತ್ರ. ಮನುಷ್ಯ ಊರು ಬದಲಾಯಿಸಿ ಸಡಿಲ ಬಿದ್ದ ಅಂತ ಅವರ ಲೆಕ್ಕ. ಯಂತ್ರದ ಬಿಸಿ ಮನುಷ್ಯನ ಸೋಮಾರಿತನದ ಹಾಗೆ ಕಾಣೋದು ಹೀಗೆ.

ಫೋನ್ ಮಾಡಿ, "ಏನ್ ಮಾಡ್ಲೋ, ಹೊಸ ಮಷಿನ್ ತಗೊಳ್ಳೋದಾ? ಕಂತು ಕಟ್ಟಬೇಕಾಗುತ್ತೆ" ಅಂದ. ಎಸಿ ರೂಮಿಗೆ ಇಡು ಅಂದೆ. ಅವನ ಮನೆಯಲ್ಲಿ ಎಸಿ ಇರೋದು ಒಂದೇ ರೂಮಿನಲ್ಲಿ, ಅಲ್ಲಿ ಎಂಟು ತಿಂಗಳ ಮಗು ಹಗಲು ಮಲಗುತ್ತೆ. "ಮಗು ಎಬ್ಬಿಸಿ ಮಷಿನ್ ಮಲಗಿಸ್ಲಾ?" ಅಂತ ಕೇಳಿದ. ಅದೂ ಅಲ್ಲದೆ ಒಂದು ಟನ್ ಎಸಿ ಹೊರಹಾಕುವ ಬಿಸಿ ಸುಮಾರು 3500 ವ್ಯಾಟ್. ಅವನ ಕಂಪ್ಯೂಟರ್ ಗ್ರಾಫಿಕ್ಸ್ ಕಾರ್ಡ್ ಎಲ್ಲ ಸೇರಿ 350 ವ್ಯಾಟ್. ಎಸಿಯ ಹತ್ತನೇ ಒಂದು ಭಾಗ ಶಕ್ತಿ ಅದೊಂದಕ್ಕೇ ಹೋಗುತ್ತೆ.

ಆ ಶನಿವಾರ ರೈಲು ಹತ್ತಿ ಹೋದೆ. ಕೈಯಲ್ಲಿ ಇನ್ನೂರು ಚಿಲ್ಲರೆ ರೂಪಾಯಿಯ ಡಿಜಿಟಲ್ ಥರ್ಮಾಮೀಟರ್, ಉದ್ದ ವೈರ್ ತುದಿಗೆ ಪ್ರೋಬ್ ಇರುವಂಥದ್ದು. ಎಲ್ಲರೂ ಸಾಫ್ಟ್‌ವೇರ್‌ನಲ್ಲಿ ಚಿಪ್ ತಾಪ ನೋಡ್ತಾರೆ. ನಾನು ಮೊದಲು ನೋಡೋದು ಯಂತ್ರ ಉಸಿರು ಎಳೆಯುವ ಗಾಳಿಯನ್ನು. ಪ್ರೋಬನ್ನು ಮುಂದಿನ ಜಾಲರಿ ಹತ್ತಿರ ಇಟ್ಟೆವು. ಕೋಣೆ 38 ಇತ್ತು, ಜಾಲರಿ ಹತ್ತಿರ 47! ಕಾರಣ ಕಣ್ಣೆದುರೇ ಇತ್ತು. ಸಿಪಿಯು ಇಟ್ಟಿದ್ದು ಕಂಪ್ಯೂಟರ್ ಟೇಬಲ್‌ನ ಕೆಳಗಿನ ಗೂಡಿನಲ್ಲಿ. ಮೂರು ಕಡೆ ಹಲಗೆ, ಹಿಂದೆ ಗೋಡೆ. ಹಿಂದಿನಿಂದ ಬಿಟ್ಟ ಬಿಸಿ ಗಾಳಿ ಸುತ್ತಿ ಮತ್ತೆ ಮುಂದಿನಿಂದ ಒಳಗೆ ಹೋಗ್ತಿತ್ತು.

ಗೂಡಿನಿಂದ ಹೊರಗೆ ತೆಗೆದು, ಗೋಡೆಯಿಂದ ಒಂದು ಗೇಣು ದೂರ, ಸ್ಟೂಲ್ ಮೇಲೆ ಇಟ್ಟೆವು. ಒಳಗೆಳೆಯುವ ಗಾಳಿ 39ಕ್ಕೆ ಇಳಿಯಿತು. ಒಂದು ರೂಪಾಯಿ ಖರ್ಚಿಲ್ಲದೆ 8 ಡಿಗ್ರಿ. ಚಿಪ್ ತಾಪ ಇನ್ನೂ 95 ಅಂತಲೇ ತೋರಿಸ್ತಿತ್ತು, ಅವನು "ಏನೂ ಬದಲಾಗಲಿಲ್ಲವಲ್ಲೋ" ಅಂದ. ಬದಲಾಗಿತ್ತು. ಮೊದಲು 70 ವ್ಯಾಟ್‌ಗೇ 95 ಮುಟ್ಟುತ್ತಿತ್ತು, ಈಗ 84 ವ್ಯಾಟ್ ಎಳೆದು 95 ಮುಟ್ಟಿತು. ವೇಗ ಇಳಿಸಿಕೊಂಡಿರುವ ಯಂತ್ರದಲ್ಲಿ ತಾಪ ನೋಡಿದ್ರೆ ಸಾಲದು, ಎಷ್ಟು ವ್ಯಾಟ್ ಕೆಲಸ ಮಾಡ್ತಿದೆ ಅಂತ ನೋಡಬೇಕು. ಎರಡನ್ನೂ ತೋರಿಸುವ ಉಚಿತ ತಂತ್ರಾಂಶಗಳಿವೆ.

ಆಮೇಲೆ ಪಕ್ಕದ ಮುಚ್ಚಳ ತೆಗೆದು ನೋಡಿದೆವು. ಇದು ಒಳ್ಳೆಯ ಪರೀಕ್ಷೆ, ನೀವೂ ಮಾಡಿ. ಮುಚ್ಚಳ ತೆಗೆದಾಗ ಸ್ಥಿತಿ ಗಣನೀಯವಾಗಿ ಸುಧಾರಿಸಿದ್ರೆ ತೊಂದರೆ ಕ್ಯಾಬಿನೆಟ್‌ನ ಗಾಳಿಯ ಹರಿವಿನಲ್ಲಿದೆ. ಸುಧಾರಿಸದೇ ಇದ್ರೆ ಹೀಟ್‌ಸಿಂಕ್‌ನಲ್ಲೋ ಪೇಸ್ಟ್‌ನಲ್ಲೋ ಇದೆ. ಅವನದು ಮೊದಲನೇ ಜಾತಿ. ಮುಂದಿನ ಫಿಲ್ಟರ್ ಕಂಬಳಿಯಾಗಿತ್ತು, ಒಳಗೆಳೆಯೋಕೆ ಇದ್ದಿದ್ದು ಒಂದೇ ಫ್ಯಾನ್.

ಎಷ್ಟು ಗಾಳಿ ಬೇಕು ಅನ್ನೋದಕ್ಕೆ ಒಂದು ಕೈಲೆಕ್ಕ ಇದೆ. ಒಟ್ಟು ವ್ಯಾಟ್ ಅನ್ನು ನೀವು ಒಪ್ಪುವ ಏರಿಕೆಯ ಡಿಗ್ರಿಯಿಂದ ಭಾಗಿಸಿ, 1.8ರಿಂದ ಗುಣಿಸಿ. ಬರೋದು ನಿಮಿಷಕ್ಕೆ ಎಷ್ಟು ಘನ ಅಡಿ ಗಾಳಿ, ಅಂದ್ರೆ ಫ್ಯಾನ್ ಡಬ್ಬದ ಮೇಲೆ ಸಿಎಫ್‌ಎಂ ಅಂತ ಬರೆದಿರ್ತಾರಲ್ಲ, ಅದು. 350 ವ್ಯಾಟ್, 10 ಡಿಗ್ರಿ ಏರಿಕೆ ಅಂದ್ರೆ 63. ಡಬ್ಬದ ಮೇಲೆ 60 ಅಂತ ಇದ್ದ ಒಂದು ಫ್ಯಾನ್ ಸಾಕಲ್ವಾ ಅಂದ್ರೆ ಸಾಲದು. ಆ ಸಂಖ್ಯೆ ಎದುರಿಗೆ ಏನೂ ಅಡ್ಡಿಯಿಲ್ಲದಾಗಿನದು. ಫಿಲ್ಟರ್, ಜಾಲರಿ, ವೈರ್‌ಗಳ ಎದುರು ಅದು ಬಹಳ ಇಳಿಯುತ್ತೆ. ಹಾಗಾಗಿ ಮುಂದೆ ಎರಡು, ಹಿಂದೆ ಒಂದು. ಫಿಲ್ಟರ್ ಅಥವಾ ಒತ್ತೊತ್ತಾದ ಫಿನ್ ಎದುರು ಹಾಕುವಾಗ ಒತ್ತಡ ಹೆಚ್ಚು ಕೊಡುವ ಫ್ಯಾನ್ ಆರಿಸಿ, ಬರೀ ಸಿಎಫ್‌ಎಂ ನೋಡಬೇಡಿ.

ಇರೋ ಒಂದೇ ಫ್ಯಾನನ್ನು ಜೋರಾಗಿ ತಿರುಗಿಸಿದ್ರೆ? ವೇಗ ಎರಡು ಪಟ್ಟು ಮಾಡಿದ್ರೆ ಗಾಳಿ ಎರಡು ಪಟ್ಟು, ಆದರೆ ಫ್ಯಾನ್ ತಿನ್ನುವ ವಿದ್ಯುತ್ ಎಂಟು ಪಟ್ಟು. ಸದ್ದಂತೂ ಪಕ್ಕದ ರೂಮಿನಲ್ಲಿ ಮಲಗಿದ ಮಗು ಏಳುವಷ್ಟು. ನಿಧಾನಕ್ಕೆ ತಿರುಗುವ ಎರಡು ದೊಡ್ಡ ಫ್ಯಾನ್ ಯಾವತ್ತೂ ಮೇಲು.

ಫಿಲ್ಟರ್ ತೊಳೆದು, ಹೀಟ್‌ಸಿಂಕ್ ಧೂಳು ತೆಗೆದು, ಮುಂದೆ ಇನ್ನೊಂದು ಫ್ಯಾನ್ ಹಾಕಿದ ಮೇಲೆ ಕ್ಯಾಬಿನೆಟ್ ಏರಿಕೆ 18ರಿಂದ 10ಕ್ಕೆ ಬಂತು. ಪ್ರೊಸೆಸರ್ ಪೂರ್ತಿ 100 ವ್ಯಾಟ್ ಎಳೆದು 87ರಲ್ಲಿ ನಿಂತಿತು. ಪೇಸ್ಟ್ ಬದಲಾಯಿಸಿದ್ದು ಎಲ್ಲಕ್ಕಿಂತ ಕೊನೆಗೆ. ಅದರಿಂದ ಸಿಕ್ಕಿದ್ದು 3 ಡಿಗ್ರಿ, 84 ಆಯ್ತು. ಜನ ಪೇಸ್ಟ್‌ನಿಂದ ಶುರು ಮಾಡ್ತಾರೆ. ಇಲ್ಲಿ ಎಲ್ಲಕ್ಕಿಂತ ಕಡಿಮೆ ಕೊಟ್ಟಿದ್ದು ಅದೇ. ಒಟ್ಟು ಖರ್ಚು ಎರಡು ಸಾವಿರದ ಒಳಗೆ. ಸೋಮವಾರದ ಕೆಲಸ ಆರೂ ಮುಕ್ಕಾಲು ಗಂಟೆಗೆ ಮುಗಿಯಿತು. ಗುತ್ತಿಗೆ ಉಳಿಯಿತು.

ಇನ್ನೊಂದು ಲಾಭ ಕಣ್ಣಿಗೆ ಕಾಣೋದಿಲ್ಲ. ಬೋರ್ಡ್ ಮೇಲಿನ ಎಲೆಕ್ಟ್ರೊಲಿಟಿಕ್ ಕೆಪಾಸಿಟರ್‌ಗಳ ಆಯಸ್ಸು ತಾಪ 10 ಡಿಗ್ರಿ ಏರಿದಾಗ ಹೆಚ್ಚು ಕಡಿಮೆ ಅರ್ಧ ಆಗುತ್ತೆ ಅನ್ನೋದು ಎಲೆಕ್ಟ್ರಾನಿಕ್ಸ್‌ನ ಹಳೆಯ ರೂಢಿ ಲೆಕ್ಕ. ಯುಪಿಎಸ್‌ನ ಬ್ಯಾಟರಿಗೂ ಇಂಥದ್ದೇ ಲೆಕ್ಕ. ಯುಪಿಎಸ್ ಅನ್ನು ಕಂಪ್ಯೂಟರ್‌ನ ಬಿಸಿ ಗಾಳಿ ಬಡಿಯುವ ಜಾಗದಲ್ಲಿ ಇಡಬೇಡಿ.

ಇಷ್ಟೂ ವಿಜಯವಾಡದ ಕಥೆ. ಇದನ್ನೇ ತಂದು ವಿಶಾಖಪಟ್ಟಣದಲ್ಲಿ ಮಾಡಿದ್ರೆ ಆಯ್ತಾ? ಅರ್ಧ ಆಯ್ತು. ಇಲ್ಲಿ ಬಿಸಿಲು ಅಷ್ಟಿಲ್ಲ, ಮೇ ತಿಂಗಳಲ್ಲೂ ಸಮುದ್ರದ ಗಾಳಿ ಕಾಪಾಡುತ್ತೆ. ಆದರೆ ಅದೇ ಗಾಳಿ ಉಪ್ಪನ್ನೂ ತೇವವನ್ನೂ ಹೊತ್ತು ತರುತ್ತೆ. ಉಪ್ಪಿಗೆ ಒಂದು ಗುಣ ಇದೆ. ಗಾಳಿಯ ತೇವಾಂಶ ಶೇಕಡಾ 75 ದಾಟಿದ್ರೆ ಅದು ತೇವ ಹೀರಿ ಕರಗಿ ನೀರಾಗುತ್ತೆ. ಮಳೆಗಾಲದಲ್ಲಿ ಉಪ್ಪಿನ ಡಬ್ಬಿ ಜಿನುಗುತ್ತಲ್ಲ, ಹಾಗೆ. ಬೋರ್ಡ್ ಮೇಲೆ ಧೂಳಿನ ಜೊತೆ ಕೂತ ಉಪ್ಪು ಜಿನುಗಿದ್ರೆ ಅದು ವಿದ್ಯುತ್ ಹರಿಯುವ ಪಸೆ. ಪಿನ್‌ಗಳು ಹಸಿರುಗಟ್ಟುತ್ತವೆ.

ಹಾಗಾಗಿ ಇಲ್ಲಿ ಎರಡು ಮಾತು. ಒಂದು, ಒಳಗೆಳೆಯುವ ಗಾಳಿ ಹೊರಹಾಕುವ ಗಾಳಿಗಿಂತ ಸ್ವಲ್ಪ ಹೆಚ್ಚಿರಲಿ, ಒಳಗೆ ಬರೋದೆಲ್ಲ ಫಿಲ್ಟರ್ ದಾಟಿಯೇ ಬರಲಿ. ಇಲ್ಲದಿದ್ರೆ ಸಂದಿಗೊಂದಿಯಿಂದ ಧೂಳು ಎಳೆಯುತ್ತೆ. ಎರಡು, ಯಂತ್ರವನ್ನು ವಾರಗಟ್ಟಲೆ ಆಫ್ ಮಾಡಿ ಕಿಟಕಿ ಪಕ್ಕ ಬಿಡಬೇಡಿ. 30 ಡಿಗ್ರಿ, ಶೇಕಡಾ 80 ತೇವಾಂಶದ ಗಾಳಿಯನ್ನು 40 ಡಿಗ್ರಿಗೆ ಬೆಚ್ಚಗೆ ಮಾಡಿದ್ರೆ ಅದರ ತೇವಾಂಶ ಶೇಕಡಾ 46ಕ್ಕೆ ಇಳಿಯುತ್ತೆ, ಅದರಲ್ಲಿರುವ ನೀರು ಅಷ್ಟೇ ಇದ್ದರೂ. ಉಪ್ಪು ಜಿನುಗುವ ಮಟ್ಟಕ್ಕಿಂತ ಬಹಳ ಕೆಳಗೆ. ಅಂದ್ರೆ ವಿಶಾಖಪಟ್ಟಣದಲ್ಲಿ ಓಡುವ ಯಂತ್ರದ ಸಣ್ಣ ಬೆಚ್ಚಗೆ ಅದನ್ನೇ ಕಾಯುತ್ತೆ. ತೀರಾ ತಣ್ಣಗೆ ಮಾಡೋದು ಗುರಿಯಲ್ಲ.

ಎಸಿ ರೂಮಿನಲ್ಲಿ 22 ಡಿಗ್ರಿಯಲ್ಲಿದ್ದ ಲ್ಯಾಪ್‌ಟಾಪನ್ನು ನೇರ ಬಾಲ್ಕನಿಗೆ ಒಯ್ದು ಆನ್ ಮಾಡೋದು ಇಲ್ಲಿ ಅಪಾಯ. ಆ 30 ಡಿಗ್ರಿಯ ತೇವದ ಗಾಳಿ 26 ಡಿಗ್ರಿಗಿಂತ ತಣ್ಣಗಿರುವ ಏನನ್ನು ಮುಟ್ಟಿದರೂ ಹನಿ ಕಟ್ಟುತ್ತೆ. ಬ್ಯಾಗಿನಲ್ಲೇ ಅರ್ಧ ಗಂಟೆ ಬಿಡಿ, ಆಮೇಲೆ ತೆಗೆಯಿರಿ.

ನೀರಿನ ಏರ್‌ಕೂಲರ್ ಬಗ್ಗೆಯೂ ಕೇಳ್ತಾರೆ. ವಿಜಯವಾಡದ ಒಣ ಮಧ್ಯಾಹ್ನ, 40 ಡಿಗ್ರಿ, ತೇವಾಂಶ ಶೇಕಡಾ 25 ಇದ್ದಾಗ ನೀರು ಆವಿಯಾಗಿ ಗಾಳಿ ಸಿದ್ಧಾಂತದಲ್ಲಿ 24ರವರೆಗೆ ಇಳಿಯಬಹುದು. ವಿಶಾಖಪಟ್ಟಣದಲ್ಲಿ 33 ಡಿಗ್ರಿ, ಶೇಕಡಾ 75 ಇದ್ದಾಗ ಇಳಿಯೋದು 29ರವರೆಗೆ ಮಾತ್ರ. ಅಲ್ಲಿ ಕೂಲರ್ ಉಪಯೋಗ, ಇಲ್ಲಿ ಬರೀ ಅಂಟು. ಅಲ್ಲಿ ಕೂಡ ಕಂಪ್ಯೂಟರನ್ನು ಕೂಲರ್‌ನ ನೇರ ಗಾಳಿಗೆ ಇಡಬೇಡಿ. ಸಣ್ಣ ಹನಿಗಳ ಜೊತೆ ಗಡಸು ನೀರಿನ ಲವಣ ಹಾರಿ ಬಂದು ಬೋರ್ಡ್ ಮೇಲೆ ಕೂರುತ್ತೆ.

ಕಂಪನಿ ಲ್ಯಾಪ್‌ಟಾಪ್ ಇರೋರು ಅದನ್ನು ಬಿಚ್ಚುವ ಹಾಗಿಲ್ಲ. ನಿಮಗೆ ಎರಡು ದಾರಿ. ಹಿಂಭಾಗವನ್ನು ಎರಡು ಮೂರು ಸೆಂಟಿಮೀಟರ್ ಎತ್ತರಿಸಿ, ಹಾಸಿಗೆ ಮೇಲೆ ಇಡಲೇಬೇಡಿ. ಇನ್ನೊಂದು, ವಿಂಡೋಸ್‌ನ ಪವರ್ ಸೆಟ್ಟಿಂಗ್‌ನಲ್ಲಿ ಪ್ರೊಸೆಸರ್‌ನ ಗರಿಷ್ಠ ಮಟ್ಟವನ್ನು 100ರಿಂದ 99ಕ್ಕೆ ಇಳಿಸಿ, ನಿಮ್ಮ ಕಂಪನಿ ಅದಕ್ಕೆ ಅವಕಾಶ ಕೊಟ್ಟಿದ್ರೆ. ಸಾಮಾನ್ಯವಾಗಿ ಟರ್ಬೊ ನಿಲ್ಲುತ್ತೆ. ಚಿಪ್ ತಿನ್ನುವ ವಿದ್ಯುತ್ ವೇಗದ ಜೊತೆಗೆ ವೋಲ್ಟೇಜ್‌ನ ವರ್ಗಕ್ಕೂ ಅನುಗುಣ. ಕೊನೆಯ ಸ್ವಲ್ಪ ವೇಗಕ್ಕೆ ಬಹಳ ಬಿಸಿ ತೆರಬೇಕಾಗುತ್ತೆ. ಅದನ್ನು ಬಿಟ್ಟುಕೊಟ್ಟರೆ ಮಧ್ಯಾಹ್ನದ ಮೀಟಿಂಗ್ ಸಲೀಸಾಗಿ ಸಾಗುತ್ತೆ.

ಕೊನೆಯದಾಗಿ, ಈ ಲೆಕ್ಕ ನಮ್ಮ ಟೇಬಲ್‌ಗೆ ಮಾತ್ರ ಸೀಮಿತ ಅಲ್ಲ. 2025ರ ಅಕ್ಟೋಬರ್ 14ರಂದು ಗೂಗಲ್ ವಿಶಾಖಪಟ್ಟಣದಲ್ಲಿ ಎಐ ಕೇಂದ್ರಕ್ಕೆ ಐದು ವರ್ಷಗಳಲ್ಲಿ ಸುಮಾರು 15 ಬಿಲಿಯನ್ ಡಾಲರ್ ಹೂಡುವುದಾಗಿ ಪ್ರಕಟಿಸಿತು. ಅದಾನಿಕನೆಕ್ಸ್ ಮತ್ತು ಏರ್‌ಟೆಲ್ ಜೊತೆಗಾರರು. ಡೇಟಾ ಸೆಂಟರ್ ಗಿಗಾವ್ಯಾಟ್ ಪ್ರಮಾಣದ್ದು. ಒಂದು ಗಿಗಾವ್ಯಾಟ್ ಅಂದ್ರೆ 100 ಕೋಟಿ ವ್ಯಾಟ್. ನಮ್ಮ ಸ್ನೇಹಿತನ ಯಂತ್ರದಂಥವು 28 ಲಕ್ಷಕ್ಕೂ ಹೆಚ್ಚು. ಅದೆಲ್ಲವೂ ಬಿಸಿಯಾಗಿ ಎಲ್ಲೋ ಹೋಗಲೇಬೇಕು. ಪೂರ್ತಿ ನೀರಿನ ಆವಿಯಿಂದಲೇ ಒಯ್ಯುವುದಾದರೆ ಭೌತಶಾಸ್ತ್ರದ ಲೆಕ್ಕದಲ್ಲಿ ದಿನಕ್ಕೆ ಸುಮಾರು ಮೂರೂವರೆ ಕೋಟಿ ಲೀಟರ್ ನೀರು ಆವಿಯಾಗಬೇಕು. ಇದು ಆ ಕೇಂದ್ರ ಬಳಸುವ ನೀರಿನ ಅಂಕಿ ಅಲ್ಲ, ಬಿಸಿಯ ಗಾತ್ರ ತಿಳಿಯಲಿ ಅಂತ ಮಾಡಿದ ಲೆಕ್ಕ. ಚಿಲ್ಲರ್ ಇದೆ, ಸಮುದ್ರದ ನೀರಿದೆ. ಗೂಗಲ್ ಫಿನ್‌ಲೆಂಡ್‌ನ ಹಮಿನಾದಲ್ಲಿ ಹಳೆಯ ಕಾಗದ ಕಾರ್ಖಾನೆಯನ್ನು ಡೇಟಾ ಸೆಂಟರ್ ಮಾಡಿ ಸಮುದ್ರದ ನೀರಿನಿಂದ ತಣಿಸುತ್ತೆ. ಆದರೆ ಅಲ್ಲಿನ ಸಮುದ್ರ ತಣ್ಣಗಿರುತ್ತೆ, ನಮ್ಮ ಬಂಗಾಳ ಕೊಲ್ಲಿಯ ನೀರೇ ಬೆಚ್ಚಗೆ.

ವಿಜಯವಾಡದ ಪಕ್ಕದ ಇಬ್ರಾಹಿಂಪಟ್ಟಣದ ಉಷ್ಣ ವಿದ್ಯುತ್ ಸ್ಥಾವರವೂ, ನಮ್ಮ ರಾಯಚೂರಿನ ಶಕ್ತಿನಗರದ್ದೂ ತಣಿಯೋದು ಒಂದೇ ಕೃಷ್ಣೆಯ ನೀರಿನಿಂದ. ಹೀಟ್‌ಸಿಂಕ್ ಎಷ್ಟೇ ದೊಡ್ಡದಾಗಲಿ, ಕೊನೆಗೆ ಅದು ಯಾರದೋ ಊರಿನ ಗಾಳಿ ಇಲ್ಲವೇ ಯಾರದೋ ಊರಿನ ನೀರು. ಹಾಗಾಗಿ ಡೇಟಾ ಸೆಂಟರ್ ಬರುತ್ತೆ, ಕೆಲಸ ಬರುತ್ತೆ ಅಂತ ಖುಷಿಪಡುವಾಗ, ಬಿಸಿ ಎಲ್ಲಿಗೆ ಹೋಗುತ್ತೆ, ನೀರು ಎಲ್ಲಿಂದ ಬರುತ್ತೆ ಅನ್ನೋ ಪ್ರಶ್ನೆಯನ್ನೂ ಕೇಳೋಣ. ಈ ಊರಲ್ಲಿ ಬಾಡಿಗೆ ಕೊಟ್ಟು, ನೀರಿನ ಬಿಲ್ ಕಟ್ಟಿ ಬದುಕುವ ನಮಗೂ ಅದನ್ನು ಕೇಳುವ ಹಕ್ಕಿದೆ.

ಈ ವಾರ ಒಂದು ಕೆಲಸ ಮಾಡಿ. ಮಧ್ಯಾಹ್ನ ಮೂರು ಗಂಟೆಗೆ ನಿಮ್ಮ ಯಂತ್ರ ಉಸಿರೆಳೆಯುವ ಜಾಗದಲ್ಲಿ ತಾಪ ಎಷ್ಟಿದೆ ಅಂತ ಅಳೆಯಿರಿ. ಕೋಣೆಗಿಂತ ಮೂರು ಡಿಗ್ರಿಗೂ ಹೆಚ್ಚಿದ್ರೆ ಮೊದಲು ಜಾಗ ಬದಲಿಸಿ, ಆಮೇಲೆ ಫಿಲ್ಟರ್, ಆಮೇಲೆ ಫ್ಯಾನ್, ಕೊನೆಗೆ ಪೇಸ್ಟ್. ಹೊಸ ಯಂತ್ರದ ಯೋಚನೆ ಅದರ ನಂತರ. ಊರಿನ ಹೆಸರು, ಕೋಣೆಯ ತಾಪ, ಜಾಲರಿಯ ತಾಪ ಮೂರನ್ನೂ ಬರೆದು ಕಳಿಸಿ. ಚೆನ್ನೈ, ಹೈದರಾಬಾದ್, ದುಬೈ ಎಲ್ಲಿಂದಾದರೂ ಸರಿ, ಒಟ್ಟಿಗೆ ಲೆಕ್ಕ ಹಾಕೋಣ.